ಮಮತಾಹಂತ್ರೀ ಅಂದರೆ ಮಮತೆಯನ್ನು ಕೊಲ್ಲುವವಳಾ? ದೇವಿಯ ಹೆಸರುಗಳ ಅರ್ಥ ತಿಳಿದವರು ಹೇಳಿ

ಶುಕ್ರವಾರದ ದೀಪ

ಎಲ್ಲರಿಗೂ ನಮಸ್ಕಾರ. ನಮ್ಮ ಅಮ್ಮ ನಲವತ್ತು ವರ್ಷದಿಂದ ಪ್ರತಿ ಶುಕ್ರವಾರ ಲಲಿತಾ ಸಹಸ್ರನಾಮ ಹೇಳುತ್ತಾ ಬಂದಿದ್ದಾರೆ. ಈಗ ಕಣ್ಣು ಮಂಜಾಗಿದೆ, ಪುಸ್ತಕದ ಅಕ್ಷರ ಕಾಣುವುದಿಲ್ಲ. ಎರಡು ತಿಂಗಳಿಂದ ಪಕ್ಕದಲ್ಲಿ ಕೂತು ನಾನು ಓದುತ್ತೇನೆ, ಅವರು ಜೊತೆಗೆ ಹೇಳುತ್ತಾರೆ. ಮುಕ್ಕಾಲು ಪಾಲು ಅವರಿಗೆ ಬಾಯಿಪಾಠವೇ ಆಗಿದೆ.

ಆದರೆ ಒಂದು ಕಡೆ ಮಾತ್ರ ಪ್ರತಿ ಸಲ ಅವರ ದನಿ ಇಳಿದುಹೋಗುತ್ತದೆ. 'ನಿರ್ಮಮಾ ಮಮತಾಹಂತ್ರೀ' ಅನ್ನುವ ಜಾಗದಲ್ಲಿ. ಉಸಿರು ಸಾಲಲಿಲ್ಲವೇನೋ ಅಂದುಕೊಂಡಿದ್ದೆ. ಹೋದ ವಾರ ಕೇಳಿಯೇಬಿಟ್ಟೆ. "ಮಮತೆಯನ್ನು ಕೊಲ್ಲುವವಳು ಅಂತ ಅಲ್ವೇನೋ ಅದು? ತಾಯಿಗೆ ಆ ಮಾತು ಹೇಗೋ ಹೇಳೋದು? ಪುಸ್ತಕದಲ್ಲಿದೆ ಅಂತ ಬಿಡೋಕೂ ಆಗಲ್ಲ. ಅದಕ್ಕೇ ಮೆಲ್ಲಗೆ ಹೇಳಿ ಮುಂದೆ ಹೋಗ್ತೀನಿ" ಅಂದರು.

ನಲವತ್ತು ವರ್ಷ! ಯಾರನ್ನೂ ಕೇಳದೆ ಮನಸ್ಸಲ್ಲೇ ಇಟ್ಟುಕೊಂಡಿದ್ದಾರೆ. ನನಗೆ ಸಂಸ್ಕೃತ ಬರುವುದಿಲ್ಲ. ತಿಳಿದವರು ದಯವಿಟ್ಟು ಹೇಳಿ. ಈ ಹೆಸರಷ್ಟೇ ಅಲ್ಲ, ನಿಮ್ಮ ಮನೆಯಲ್ಲಿ, ನಿಮ್ಮ ಊರಲ್ಲಿ ದೇವಿಗೆ ಇರುವ ಹೆಸರಿನ ಅರ್ಥ ಗೊತ್ತಿದ್ದರೆ ಅದನ್ನೂ ಬರೆಯಿರಿ. ಅಮ್ಮನಿಗೆ ಓದಿ ಹೇಳುತ್ತೇನೆ.

ಬೇರುಪದ

ನಿಮ್ಮ ಅಮ್ಮನಿಗೆ ಮೊದಲು ನನ್ನ ನಮಸ್ಕಾರ ತಿಳಿಸಿ. ಅವರ ಸಂಕಟ ಸುಮ್ಮನೆ ಬಂದದ್ದಲ್ಲ. ಅವರು ಕನ್ನಡದ ಕಿವಿಯಿಂದ ಕೇಳುತ್ತಿದ್ದಾರೆ. ಕನ್ನಡದಲ್ಲಿ ಮಮತೆ ಅಂದರೆ ಪ್ರೀತಿ, ಅಕ್ಕರೆ, ತಾಯಿಯ ಕರುಳು. ಸಂಸ್ಕೃತದಲ್ಲಿ ಆ ಪದ ಹುಟ್ಟಿದ್ದು ಬೇರೆ ರೀತಿ. 'ಮಮ' ಅಂದರೆ ನನ್ನದು. ಅದಕ್ಕೆ 'ತಾ' ಸೇರಿ 'ಮಮತಾ' ಆಯಿತು. ದೊಡ್ಡದಕ್ಕೆ ದೊಡ್ಡತನ ಇದ್ದ ಹಾಗೆ, ನನ್ನದು ಅನ್ನುವ ಭಾವ ಮಮತಾ. ನನ್ನ ಮನೆ, ನನ್ನ ಹೊಲ, ನಾನು ಹೇಳಿದ ಹಾಗೇ ಕೇಳಬೇಕಾದ ನನ್ನ ಮಗ. ಆ ಹಿಡಿತಕ್ಕೆ ಆ ಹೆಸರು. ಅದು ಕನ್ನಡಕ್ಕೆ ಬರುವಾಗ ಹಿಡಿತ ಸಡಿಲವಾಗಿ ಪ್ರೀತಿ ಮಾತ್ರ ಉಳಿಯಿತು.

ಅಲ್ಲಿ ಹೆಸರುಗಳು ಜೋಡಿಯಾಗಿ ಬರುತ್ತವೆ, ಗಮನಿಸಿ. ನಿರ್ಮೋಹಾ ಮೋಹನಾಶಿನೀ. ನಿಷ್ಪಾಪಾ ಪಾಪನಾಶಿನೀ. ನಿಷ್ಕ್ರೋಧಾ ಕ್ರೋಧಶಮನೀ. ನಿರ್ಲೋಭಾ ಲೋಭನಾಶಿನೀ. ಮೊದಲನೆಯದು ಅವಳಲ್ಲಿ ಏನಿಲ್ಲ ಅಂತ ಹೇಳುತ್ತದೆ, ಎರಡನೆಯದು ನಮ್ಮಿಂದ ಏನನ್ನು ತೆಗೆಯುತ್ತಾಳೆ ಅಂತ ಹೇಳುತ್ತದೆ. ನಿರ್ಮಮಾ ಅಂದರೆ 'ಇದು ನನ್ನದು' ಅನ್ನುವುದು ಅವಳಿಗಿಲ್ಲ. ಮಮತಾಹಂತ್ರೀ ಅಂದರೆ ನಮ್ಮೊಳಗಿನ ಆ 'ನನ್ನದು' ಅನ್ನುವುದನ್ನು ಇಲ್ಲದಂತೆ ಮಾಡುವವಳು. ತಾಯಿಯ ಪ್ರೀತಿಗೆ ಅಲ್ಲಿ ಏನೂ ಆಗಿಲ್ಲ. ಸಹಸ್ರನಾಮ ಶುರುವಾಗುವುದೇ 'ಶ್ರೀಮಾತಾ' ಅಂತ, ಮುಗಿಯುವುದು 'ಲಲಿತಾಂಬಿಕಾ' ಅಂತ. ಎರಡು ತುದಿಯಲ್ಲೂ ಅಮ್ಮನೇ ಇದ್ದಾಳೆ.

ತುಂಗಾತೀರ

ಬೇರುಪದ ಸರ್, ತುಂಬಾ ಚೆನ್ನಾಗಿ ಬಿಡಿಸಿ ಹೇಳಿದಿರಿ. ನಾನೂ ಹೀಗೆ ಎಡವಿದ್ದೆ. ಅದೇ ಸಾಲುಗಳಲ್ಲಿ 'ನೀರಾಗಾ ರಾಗಮಥನೀ' ಅಂತ ಬರುತ್ತದೆ. ಚಿಕ್ಕವಳಿದ್ದಾಗ ಸಂಗೀತ ಕಲಿಯುತ್ತಿದ್ದೆ, ದೇವಿ ರಾಗಗಳನ್ನು ಕಡೆದು ತೆಗೆಯುತ್ತಾಳೆ ಅಂದುಕೊಂಡು ಖುಷಿಪಟ್ಟಿದ್ದೆ. ರಾಗ ಅಂದರೆ ಅಲ್ಲಿ ಆಸೆ, ಅಂಟು ಅಂತ ತುಂಬಾ ತಡವಾಗಿ ತಿಳಿಯಿತು.

ದೀಪ ಅವರೇ, ನಿಮ್ಮ ಅಮ್ಮನಿಗೆ ಊಟದ ಹೆಸರುಗಳನ್ನು ಓದಿ ಹೇಳಿ. ಸಹಸ್ರನಾಮದಲ್ಲಿ ನನಗೆ ತೀರಾ ಹತ್ತಿರವಾದ ಜಾಗ ಅದು. ಯೋಗದವರು ಹೇಳುವ ದೇಹದೊಳಗಿನ ಒಂದೊಂದು ಚಕ್ರದಲ್ಲಿ ಕೂತಿರುವ ದೇವಿಗೆ ಒಂದೊಂದು ಅನ್ನ ಇಷ್ಟ. ಪಾಯಸಾನ್ನಪ್ರಿಯಾ, ಪಾಯಸ ಇಷ್ಟ. ಸ್ನಿಗ್ಧೌದನಪ್ರಿಯಾ, ತುಪ್ಪ ಕಲಸಿದ ಅನ್ನ ಇಷ್ಟ. ಗುಡಾನ್ನಪ್ರೀತಮಾನಸಾ, ಬೆಲ್ಲದ ಅನ್ನ. ದಧ್ಯನ್ನಾಸಕ್ತಹೃದಯಾ, ಮೊಸರನ್ನದ ಮೇಲೆ ಮನಸ್ಸಿಟ್ಟವಳು. ಮುದ್ಗೌದನಾಸಕ್ತಚಿತ್ತಾ, ಹೆಸರುಬೇಳೆ ಹಾಕಿದ ಅನ್ನ. ಹರಿದ್ರಾನ್ನೈಕರಸಿಕಾ, ಅರಿಶಿನದ ಅನ್ನ. ಕೊನೆಗೆ ತಲೆಯ ಮೇಲಿನ ಸಹಸ್ರಾರಕ್ಕೆ ಬಂದಾಗ ಸರ್ವೌದನಪ್ರೀತಚಿತ್ತಾ, ಯಾವ ಅನ್ನವಾದರೂ ಪ್ರೀತಿಯೇ. ಯೋಗದ ಅಷ್ಟು ಕಷ್ಟದ ವಿಷಯದ ನಡುವೆ ಅಡುಗೆಮನೆ ಬಂದು ಕೂತಿದೆ. ನಮ್ಮ ಅಜ್ಜಿಗೆ ಚಕ್ರ ಗೊತ್ತಿರಲಿಲ್ಲ. ಆದರೆ ಯಾವ ದಿನ ಯಾವ ಅನ್ನ ನೈವೇದ್ಯ ಮಾಡಬೇಕು ಅಂತ ಚೆನ್ನಾಗಿ ಗೊತ್ತಿತ್ತು.

ಬೆಟ್ಟದ ಮೆಟ್ಟಿಲು

ನಮ್ಮದು ಮೈಸೂರು. ನಮ್ಮ ತಾಯಿ ಚಾಮುಂಡಿಯ ಹೆಸರು ಎಲ್ಲರಿಗೂ ಗೊತ್ತಿರುವುದೇ. ಮಹಿಷಾಸುರನನ್ನು ಕೊಂದಿದ್ದಕ್ಕೆ ಚಾಮುಂಡಿ. ಮಹಿಷನ ಊರು ಮಹಿಷೂರು, ಅದೇ ಮೈಸೂರು. ಬೆಟ್ಟದ ಮೇಲೆ ಕತ್ತಿ, ಹಾವು ಹಿಡಿದು ನಿಂತ ಮಹಿಷನ ಮೂರ್ತಿಯನ್ನು ಎಲ್ಲರೂ ನೋಡಿರುತ್ತೀರಿ.

ಬೇರುಪದ

ಊರಿನ ಹೆಸರಿನ ಬಗ್ಗೆ ನೀವು ಹೇಳಿದ್ದು ಸರಿ. ಆದರೆ 'ಚಾಮುಂಡಾ' ಅನ್ನುವ ಹೆಸರಿನ ಕಥೆ ಬೇರೆ ಇದೆ, ಬೇಸರ ಮಾಡಿಕೊಳ್ಳಬೇಡಿ.

ಮಾರ್ಕಂಡೇಯ ಪುರಾಣದೊಳಗೆ ದೇವೀ ಮಾಹಾತ್ಮ್ಯ ಇದೆ. 13 ಅಧ್ಯಾಯ. ಸಪ್ತಶತಿ ಅನ್ನುವುದು ಅದನ್ನೇ. ಮಹಿಷನ ವಧೆ 3ನೇ ಅಧ್ಯಾಯದಲ್ಲಿ ಮುಗಿಯುತ್ತದೆ. ಚಾಮುಂಡಾ ಅನ್ನುವ ಹೆಸರು ಬರುವುದು 7ನೇ ಅಧ್ಯಾಯದಲ್ಲಿ. ಅಲ್ಲಿ ಶುಂಭ ನಿಶುಂಭ ಅನ್ನುವ ಅಸುರರ ಕಡೆಯ ಚಂಡ, ಮುಂಡ ಅನ್ನುವವರು ಬರುತ್ತಾರೆ. ಸಿಟ್ಟಿನಿಂದ ಕಪ್ಪಾದ ದೇವಿಯ ಹಣೆಯಿಂದ ಕಾಳಿ ಹುಟ್ಟಿ, ಅವರಿಬ್ಬರ ತಲೆ ತಂದು ಆ ದೇವಿಯ, ಅಂದರೆ ಚಂಡಿಕೆಯ ಮುಂದೆ ಇಡುತ್ತಾಳೆ. 'ಚಂಡ ಮುಂಡರನ್ನು ಹಿಡಿದು ತಂದೆಯಲ್ಲ, ಇನ್ನು ಲೋಕ ನಿನ್ನನ್ನು ಚಾಮುಂಡಾ ಅನ್ನಲಿ' ಅಂತ ಚಂಡಿಕೆ ಹೆಸರಿಡುತ್ತಾಳೆ. ಅಂದರೆ ಆ ಗ್ರಂಥದ ಲೆಕ್ಕದಲ್ಲಿ ಚಾಮುಂಡಿ ಕಾಳಿಯ ಹೆಸರು. ಮಹಿಷಮರ್ದಿನಿಯ ಕಥೆ ಅದಕ್ಕೂ ಹಿಂದಿನದು. ನಿಮ್ಮ ಬೆಟ್ಟದ ಮೇಲೆ ಎರಡೂ ಒಂದಾಗಿವೆ. ಅದು ತಪ್ಪು ಅಂತ ನಾನು ಹೇಳುತ್ತಿಲ್ಲ. ಭಕ್ತರಿಗೆ ಅವರಿಬ್ಬರೂ ಬೇರೆ ಬೇರೆ ಅಲ್ಲವೇ ಅಲ್ಲ.

ಈ ಹೆಸರು ಕನ್ನಡದಲ್ಲಿ ಎಷ್ಟು ಸವೆದಿದೆ ನೋಡಿ. ಚಾಮುಂಡ ಹೋಗಿ ಚಾವುಂಡ ಆಯಿತು. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಜೈನ. ಅವನ ಹೆಸರಲ್ಲೂ ಈ ತಾಯಿ ಇದ್ದಾಳೆ. ಇನ್ನೂ ಸವೆದು ಚೌಡಿ, ಚೌಡಮ್ಮ ಆದಳು. ಮಲೆನಾಡಿನ ತೋಟದ ಮೂಲೆಯಲ್ಲಿ ಕಲ್ಲಾಗಿ ಕೂತ ಚೌಡಿಗೆ ಪೂಜೆ ಮಾಡುವವರಿಗೆ ಚಂಡ ಮುಂಡರ ನೆನಪೇ ಬೇಕಿಲ್ಲ.

ಬೆಟ್ಟದ ಮೆಟ್ಟಿಲು

ಬೇಸರ ಯಾಕೆ ಸರ್? ಇಷ್ಟು ವರ್ಷ ಮೆಟ್ಟಿಲು ಹತ್ತಿದ್ದೇನೆ, ಇದು ಗೊತ್ತಿರಲಿಲ್ಲ. ಮುಂದಿನ ಸಲ ಹತ್ತುವಾಗ ಮಕ್ಕಳಿಗೆ ಎರಡೂ ಕಥೆ ಹೇಳುತ್ತೇನೆ.

ನಂದಿನಿಯ ನೀರು

ಕರಾವಳಿಯಿಂದ ಒಂದು ಮಾತು. ನಮ್ಮಲ್ಲಿ 'ಚಂಡಿ' ಅಂದರೆ ಒದ್ದೆ! ಮಳೆಗೆ ಬಟ್ಟೆ ಚಂಡಿ ಆಯಿತು ಅನ್ನುತ್ತೇವೆ. ಘಟ್ಟದ ಮೇಲೆ ಹಟ ಮಾಡುವ ಮಗುವಿಗೆ ಚಂಡಿ ಹಿಡಿಯುತ್ತದೆ ಅನ್ನುತ್ತಾರೆ. ದೇವಿಯ ಚಂಡಿಗೆ ಹತ್ತಿರ ಇರುವುದು ಎರಡನೆಯದು. ಚಂಡ ಅಂದರೆ ಉಗ್ರ, ಬಿರುಸು. ಮಗುವಿನ ಹಟಕ್ಕೆ ಆ ದೊಡ್ಡ ಹೆಸರನ್ನೇ ಕೊಟ್ಟಿದ್ದಾರಲ್ಲ, ನನಗೆ ಅದು ಬಹಳ ಇಷ್ಟ.

ನಮ್ಮ ಕಟೀಲು ಅಮ್ಮ ದುರ್ಗಾಪರಮೇಶ್ವರಿ. ಆದರೆ ಅಲ್ಲಿಯ ಕಥೆ ಭ್ರಾಮರಿಯದು. ಭ್ರಮರ ಅಂದರೆ ದುಂಬಿ. ಅರುಣಾಸುರನಿಗೆ ಎರಡು ಕಾಲಿನವರಿಂದ, ನಾಲ್ಕು ಕಾಲಿನವರಿಂದ ಸಾವಿಲ್ಲ ಅಂತ ವರ ಇತ್ತು. ತಾಯಿ ಆರು ಕಾಲಿನ ದುಂಬಿಯಾಗಿ ಬಂದಳು. ನಂದಿನಿ ಹೊಳೆಯ ನಡುವೆ ನೆಲೆಸಿದಳು. ಕಟಿ ಅಂದರೆ ಸೊಂಟ, ನಡು. ಇಳಾ ಅಂದರೆ ಭೂಮಿ. ನದಿಯ ನಡುವಿನ ಜಾಗ ಅದಕ್ಕೇ ಕಟೀಲು ಅಂತ ನಮ್ಮಲ್ಲಿ ಹೇಳುತ್ತಾರೆ. ಯಕ್ಷಗಾನದಲ್ಲಿ ದುಂಬಿಯ ಆ ಸನ್ನಿವೇಶ ಬರುವ ಹೊತ್ತಿಗೆ ಬೆಳಗಿನ ಜಾವ ಆಗಿರುತ್ತಿತ್ತು. ನಿದ್ದೆಗಣ್ಣಲ್ಲಿದ್ದ ನಮ್ಮನ್ನು ಅಪ್ಪ ತಟ್ಟಿ ಎಬ್ಬಿಸುತ್ತಿದ್ದರು.

ಮಲಪ್ರಭೆ

ನಮ್ಮ ಭಾಗದ ಹೆಸರು ನಾನು ಹೇಳತೇನಿ. ಸವದತ್ತಿ ಎಲ್ಲಮ್ಮ. 'ಎಲ್ಲರ ಅಮ್ಮ' ಅಂತ ನಮ್ಮ ಅಜ್ಜಿ ಹೇಳುತ್ತಿದ್ದಳು. ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಗುಡ್ಡಕ್ಕೆ ಹೋಗಿ 'ಉಧೋ ಉಧೋ' ಅಂದವರಿಗೆ ಬೇರೆ ಅರ್ಥ ಬೇಕಾಗಿರಲಿಲ್ಲ.

ಮುಂದೆ ಓದುವಾಗ ಇನ್ನೊಂದು ಅರ್ಥ ಸಿಕ್ಕಿತು. ಎಲ್ಲೆ ಅಂದರೆ ಗಡಿ. ಊರಿನ ಎಲ್ಲೆ ಕಾಯುವ ಅಮ್ಮ ಎಲ್ಲಮ್ಮ. ತಮಿಳಿನಲ್ಲೂ ಎಲ್ಲೈ ಅಮ್ಮನ್ ಇದ್ದಾಳೆ. ಯಾವುದು ಮೊದಲು ಅಂತ ನಾನು ತೀರ್ಪು ಕೊಡಲಾರೆ. ಗಡಿಯಲ್ಲಿ ನಿಂತವಳು ಒಳಗಿನ ಎಲ್ಲರನ್ನೂ ಕಾಯುತ್ತಾಳೆ, ನನಗೆ ಎರಡೂ ಸೇರಿಯೇ ಕಾಣುತ್ತವೆ.

ಅವಳದೇ ಇನ್ನೊಂದು ಹೆಸರು ರೇಣುಕೆ. ರೇಣು ಅಂದರೆ ಧೂಳು, ಸಣ್ಣ ಕಣ. ಜಮದಗ್ನಿಯ ಹೆಂಡತಿ ರೇಣುಕೆ ದಿನಾ ಹೊಳೆಯ ಮರಳಲ್ಲೇ ಕೊಡ ಮಾಡಿ, ಹಾವನ್ನೇ ಸಿಂಬೆ ಮಾಡಿಕೊಂಡು ನೀರು ತರುತ್ತಿದ್ದಳು ಅಂತ ಕಥೆ. ಒಂದು ದಿನ ಮನಸ್ಸು ಕದಲಿತು, ಮರಳು ಕೊಡವಾಗಿ ನಿಲ್ಲಲಿಲ್ಲ. ಆಮೇಲೆ ನಡೆದದ್ದು ಎಲ್ಲರಿಗೂ ಗೊತ್ತು, ಮಗ ಪರಶುರಾಮನ ಕೈಯಲ್ಲೇ ತಲೆ ಹೋಯಿತು. ಆ ಹೆಸರು ಕೇಳಿದಾಗಲೆಲ್ಲ ನನಗೆ ಬೆರಳ ಸಂದಿಯಿಂದ ಜಾರುವ ಹಸಿ ಮರಳು ನೆನಪಾಗುತ್ತದೆ. ಅಂಥ ಹೆಣ್ಣನ್ನು ಜನ ಗುಡ್ಡದ ಮೇಲೆ ಕೂರಿಸಿ ಎಲ್ಲರ ಅಮ್ಮ ಅಂದರು. ಅವಳ ಹೆಸರಲ್ಲೇ ಬಡವರ ಹೆಣ್ಣುಮಕ್ಕಳನ್ನು ದೇವದಾಸಿ ಮಾಡಿದ್ದೂ ಉಂಟು. 1982ರಲ್ಲಿ ಕಾನೂನು ಬಂದು ಅದನ್ನು ನಿಷೇಧಿಸಿತು. ಆ ಹೆಸರಿನ ಅರ್ಥ ಹೇಳುವಾಗ ಇದನ್ನು ಬಿಟ್ಟು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ತುಂಗಾತೀರ

ಮಲಪ್ರಭೆ ಅಕ್ಕ, ಇದನ್ನು ಬರೆದದ್ದು ಒಳ್ಳೆಯದಾಯಿತು. ಬಾದಾಮಿ ಬನಶಂಕರಿಯ ಬಗ್ಗೆಯೂ ಹೇಳಿ, ನಿಮಗೆ ಹತ್ತಿರ ಅಲ್ವಾ?

ಮಲಪ್ರಭೆ

ಬನ ಅಂದರೆ ಕಾಡು. ವನಶಂಕರಿ ಕನ್ನಡದ ಬಾಯಲ್ಲಿ ಬನಶಂಕರಿ ಆದಳು. ಅವಳೇ ಶಾಕಂಭರಿ. ಶಾಕ ಅಂದರೆ ಸೊಪ್ಪು ತರಕಾರಿ, ಭರಿ ಅಂದರೆ ಹೊರುವವಳು, ಸಾಕುವವಳು. ನೂರು ವರ್ಷ ಮಳೆ ಇಲ್ಲದಾಗ ತನ್ನ ಮೈಯಿಂದಲೇ ಸೊಪ್ಪು ತರಕಾರಿ ಬೆಳೆಸಿ ಲೋಕವನ್ನು ಸಾಕಿದಳು ಅಂತ ಬೇರುಪದ ಸರ್ ಹೇಳಿದ ಅದೇ ಗ್ರಂಥದ 11ನೇ ಅಧ್ಯಾಯದಲ್ಲಿದೆ. ಅದಕ್ಕೂ ಮೊದಲು ಅವಳು ಶತಾಕ್ಷಿ, ನೂರು ಕಣ್ಣಿಂದ ಜನರನ್ನು ನೋಡಿದವಳು. ಬನದ ಹುಣ್ಣಿಮೆ ಜಾತ್ರೆಗೆ ಮೊದಲು ಪಲ್ಲೇದ ಹಬ್ಬ ಮಾಡಿ 108 ಬಗೆಯ ತರಕಾರಿ ಎಡೆ ಇಡುತ್ತಾರೆ. ಬರ ಕಂಡ ನಾಡಿನವರಿಗೆ ಈ ಹೆಸರಿನ ಅರ್ಥವನ್ನು ಪುಸ್ತಕ ತೆರೆದು ತೋರಿಸಬೇಕಾಗಿಲ್ಲ.

ಬೇವಿನ ಸೊಪ್ಪು

ನಾನು ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಇಲ್ಲಿ ಯಾರೂ ಮಾರಮ್ಮನ ಹೆಸರು ಎತ್ತಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಚಿಕ್ಕಂದಿನಲ್ಲಿ ನಮ್ಮ ಊರಲ್ಲಿ ಯಾರಿಗಾದರೂ ಸಿಡುಬು ಬಂದರೆ ಆ ಪದವನ್ನೇ ಬಾಯಿಗೆ ತರುತ್ತಿರಲಿಲ್ಲ. 'ಅಮ್ಮ ಆಗಿದೆ' ಅನ್ನುತ್ತಿದ್ದರು. ಹೆಚ್ಚಾದರೆ 'ದೊಡ್ಡಮ್ಮ'. ಬಾಗಿಲಿಗೆ ಬೇವಿನ ಸೊಪ್ಪು, ಮಗುವಿನ ಹಾಸಿಗೆಗೂ ಬೇವಿನ ಸೊಪ್ಪು. ಮನೆಯಲ್ಲಿ ಒಗ್ಗರಣೆ ಹಾಕುವ ಹಾಗಿಲ್ಲ, ಜೋರಾಗಿ ಮಾತಾಡುವ ಹಾಗಿಲ್ಲ. ಒಳಗೆ ಅಮ್ಮ ಮಲಗಿದ್ದಾಳೆ. ಮಗುವಿಗೆ ರೋಗ ಬಂದಿದೆ ಅಂತ ಯಾರೂ ಬೈಯುತ್ತಿರಲಿಲ್ಲ, ಮಗುವಿನ ಮೈಮೇಲೆ ತಾಯಿ ಬಂದಿದ್ದಾಳೆ ಅಂತ ಕೈ ಮುಗಿಯುತ್ತಿದ್ದರು. ಹಾಗೆ ಕೈ ಮುಗಿದು ಕೂತ ಮನೆಗಳಲ್ಲಿ ಮಕ್ಕಳು ತೀರಿಕೊಂಡಿದ್ದನ್ನೂ ಕೇಳಿದ್ದೇನೆ. ಲಸಿಕೆ ಮನೆ ಮನೆ ತಲುಪಿ ನಮ್ಮ ದೇಶದಲ್ಲಿ ಸಿಡುಬು 1975ಕ್ಕೆ ಕೊನೆಯಾಯಿತು. ರೋಗ ಹೋಯಿತು, ಅಮ್ಮನ ಗುಡಿ ಹಾಗೇ ಉಳಿಯಿತು, ಜಾತ್ರೆಯೂ ಉಳಿಯಿತು. ಅದು ಸರಿಯಾಗಿದೆ ಅಂತಲೇ ನನ್ನ ಅಭಿಪ್ರಾಯ.

ಬೆಂಗಳೂರಿಗೆ 1898ರಲ್ಲಿ ಪ್ಲೇಗ್ ಬಂತು. ಜನ ಆ ಹೊಸ ಪದಕ್ಕೂ ಅಮ್ಮ ಅಂತ ಸೇರಿಸಿದರು. ಪ್ಲೇಗಮ್ಮನ ಗುಡಿ ಇವತ್ತಿಗೂ ಇದೆ. ದೇವಿಯ ಹೆಸರುಗಳಲ್ಲಿ ಅದನ್ನೂ ಎಣಿಸಿ ಅಂತ ಕೇಳಿಕೊಳ್ಳುತ್ತೇನೆ. ಭಯದಲ್ಲಿದ್ದವರು ಇಟ್ಟ ಹೆಸರು ಅದು.

ಮಾರಿ ಅನ್ನುವ ಪದದ ಅರ್ಥ ಮಾತ್ರ ನನಗೆ ಸ್ಪಷ್ಟವಿಲ್ಲ. ಬೇರುಪದ ಅವರು ಹೇಳಲಿ.

ಬೇರುಪದ

ಅಮ್ಮಾ, ನಿಮ್ಮ ಬರಹವನ್ನು ಎರಡು ಸಲ ಓದಿದೆ.

ಸಂಸ್ಕೃತದ ಕಡೆಯಿಂದ ನೋಡಿದರೆ 'ಮಾರಿ' ಸಾವಿಗೆ ಸಂಬಂಧಿಸಿದ್ದು, ಮರಣ ಅನ್ನುವ ಪದದ ಬೇರೇ ಅದಕ್ಕೂ ಇದೆ. ತಮಿಳಿನಲ್ಲಿ ಮಾರಿ ಅಂದರೆ ಮಳೆ. ಅಲ್ಲಿ ಮಾರಿಯಮ್ಮನನ್ನು ಮಳೆಗಾಗಿ ಬೇಡುತ್ತಾರೆ. ಮಲಪ್ರಭೆ ಅವರ ಕಡೆ ಮಾರಿ ಅಂದರೆ ಮುಖ. ಬಿರು ಬೇಸಿಗೆಯಲ್ಲಿ ಸಿಡುಬು ಹರಡುತ್ತಿತ್ತು, ಮಳೆ ಬಿದ್ದರೆ ತಂಪು. ಸಾವು ಕೊಡುವವಳನ್ನೇ ಮಳೆ ಕೊಡು ಅಂತ ಕೇಳುವುದರಲ್ಲಿ ನನಗೆ ವಿರೋಧ ಕಾಣುವುದಿಲ್ಲ.

ಕೊರೊನಾ ಬಂದಾಗ ಪತ್ರಿಕೆಗಳು 'ಮಹಾಮಾರಿ' ಅಂತ ಬರೆದವಲ್ಲ, ಅದು ಹೊಸ ಪದವಲ್ಲ. ದೇವೀ ಮಾಹಾತ್ಮ್ಯದ 12ನೇ ಅಧ್ಯಾಯ ದೇವಿಯನ್ನೇ ಮಹಾಮಾರೀ ಅಂತ ಕರೆಯುತ್ತದೆ. ಅದೇ ಜಾಗದಲ್ಲಿ ಒಳ್ಳೆಯ ಕಾಲಕ್ಕೆ ಮನೆಗೆ ಬರುವ ಲಕ್ಷ್ಮೀಯೂ ಅವಳೇ, ಕೆಟ್ಟ ಕಾಲಕ್ಕೆ ಅಲಕ್ಷ್ಮೀಯೂ ಅವಳೇ ಅನ್ನುತ್ತದೆ. 5ನೇ ಅಧ್ಯಾಯದ 'ಯಾ ದೇವೀ ಸರ್ವಭೂತೇಷು' ಎಲ್ಲರಿಗೂ ಬರುತ್ತದೆ. ಬುದ್ಧಿ, ಶಕ್ತಿ, ಶಾಂತಿ, ದಯೆ ಅಂತ ನಾವು ಖುಷಿಯಿಂದ ಹೇಳುತ್ತೇವೆ. ಆ ಸಾಲಲ್ಲೇ ನಿದ್ರಾ ಇದೆ, ಕ್ಷುಧಾ ಇದೆ, ಅಂದರೆ ಹಸಿವು. ತೃಷ್ಣಾ ಇದೆ. ಕೊನೆಗೆ ಭ್ರಾಂತಿಯೂ ಇದೆ. ನಮ್ಮ ತಪ್ಪು ತಿಳಿವಳಿಕೆಗೂ ಅವಳ ಹೆಸರೇ.

ಕೋಟೆ ಬಾಗಿಲು

ದುರ್ಗಾ ಬಗ್ಗೆ ಯಾರೂ ಹೇಳಲಿಲ್ಲ. ದುರ್ಗ ಅಂದರೆ ಕೋಟೆ, ನಮ್ಮದು ಚಿತ್ರದುರ್ಗ. ಕೋಟೆಯ ದೇವಿ ದುರ್ಗಾ, ಇಷ್ಟೇ ಅಲ್ಲವೇ?

ಬೇರುಪದ

ಇಷ್ಟೇ ಅಲ್ಲ. ದುರ್ಗ ಅಂದರೆ ಹೋಗಲು ಕಷ್ಟವಾದದ್ದು. ಅದಕ್ಕೇ ಕೋಟೆಗೂ ಆ ಹೆಸರು. ದಾಟಲು ಕಷ್ಟವಾದ ಆಪತ್ತಿಗೂ ಅದೇ ಹೆಸರು. ದುರ್ಗಮ ಅನ್ನುವ ಅಸುರನನ್ನು ಕೊಂದಿದ್ದಕ್ಕೆ ದುರ್ಗಾ ಅಂತ ದೇವೀ ಮಾಹಾತ್ಮ್ಯದ 11ನೇ ಅಧ್ಯಾಯ ಹೇಳುತ್ತದೆ. 4ನೇ ಅಧ್ಯಾಯದಲ್ಲಿ ದೇವತೆಗಳು, ದಾಟಲಾಗದ ಸಂಸಾರ ಸಾಗರಕ್ಕೆ ನೀನು ದೋಣಿ, ಅದಕ್ಕೇ ದುರ್ಗಾ ಅನ್ನುತ್ತಾರೆ. ದುರ್ಗಾ ಸೂಕ್ತದಲ್ಲೂ ದೋಣಿಯಲ್ಲಿ ನದಿ ದಾಟಿಸಿದ ಹಾಗೆ ಕಷ್ಟಗಳನ್ನು ದಾಟಿಸು ಅಂತ ಬೇಡಿಕೆ ಇದೆ. ಕೋಟೆಯೂ ಅವಳೇ, ದೋಣಿಯೂ ಅವಳೇ. ನನಗೆ ದೋಣಿ ಹೆಚ್ಚು ಹಿಡಿಸಿದೆ.

ನಂದಿನಿಯ ನೀರು

ಹೊಳೆ ದಾಟಿ ಶಾಲೆಗೆ ಹೋದವಳು ನಾನು. ನನಗೂ ದೋಣಿಯೇ.

ಎಲೆ ಉದುರುವ ಕಾಲ

ನನ್ನ ಹೆಸರು ಉಮೆಯ ಹೆಸರೇ, ಅದಕ್ಕೆ ಇದನ್ನು ಬರೆಯಬೇಕು ಅನ್ನಿಸಿತು. ಕಾಳಿದಾಸನ ಕುಮಾರಸಂಭವದಲ್ಲಿ ಪಾರ್ವತಿ ತಪಸ್ಸಿಗೆ ಹೊರಟಾಗ ಅವಳ ತಾಯಿ 'ಉ, ಮಾ' ಅನ್ನುತ್ತಾಳೆ. ಅಯ್ಯೋ, ಬೇಡ ಮಗಳೇ. ಆ ಮಾತೇ ಹೆಸರಾಯಿತು. ಅಮ್ಮ ಬೇಡ ಅಂದಳು, ಮಗಳು ಹೋದಳು. ತಾಯಿಯ ಆ ಕೂಗು ಮಗಳ ಹೆಸರಲ್ಲೇ ಉಳಿದುಬಿಟ್ಟಿತು. ಆಮೇಲೆ ಉದುರಿದ ಎಲೆಯನ್ನೂ ತಿನ್ನದೆ ತಪಸ್ಸು ಮಾಡಿದ್ದಕ್ಕೆ ಅಪರ್ಣಾ. ಪರ್ಣ ಅಂದರೆ ಎಲೆ. ಲಲಿತಾ ಸಹಸ್ರನಾಮಕ್ಕೆ ಭಾಷ್ಯ ಬರೆದ ಭಾಸ್ಕರರಾಯರು ಈ ಪದವನ್ನು ಇನ್ನೊಂದು ರೀತಿ ಒಡೆಯುತ್ತಾರೆ, ಋಣ ಇಲ್ಲದವಳು ಅಂತ.

ತುಂಗಾತೀರ

ಹೆಸರನ್ನು ಒಡೆದು ನೋಡುವುದಾದರೆ ದೇವಿಯ ಸ್ತೋತ್ರವಾದ ಸೌಂದರ್ಯಲಹರಿಯ 22ನೇ ಶ್ಲೋಕ ನೋಡಬೇಕು. ಭವ ಅಂದರೆ ಶಿವ, ಅವನ ಹೆಂಡತಿ ಭವಾನಿ. ಭಕ್ತ 'ಭವಾನಿ, ನೀನು ಈ ದಾಸನ ಮೇಲೆ ಕರುಣೆಯ ನೋಟ ಬೀರು' ಅನ್ನಲು ಹೊರಟಿದ್ದಾನೆ. 'ಭವಾನಿ ತ್ವಂ' ಅಂತ ಎರಡು ಪದ ಬಾಯಿಂದ ಬಂದಿವೆ ಅಷ್ಟೇ. ಸಂಸ್ಕೃತದಲ್ಲಿ 'ಭವಾನಿ' ಅಂದರೆ 'ನಾನು ಆಗಲಿ' ಅಂತಲೂ ಅರ್ಥ. 'ನಾನು ನೀನಾಗಲಿ' ಅಂತ ಕೇಳಿದ ಹಾಗಾಯಿತು. ವಾಕ್ಯ ಮುಗಿಯುವ ಮೊದಲೇ ತಾಯಿ ಅದನ್ನು ಕೊಟ್ಟುಬಿಡುತ್ತಾಳೆ. ನೋಟ ಕೇಳಲು ಬಂದವನಿಗೆ ತನ್ನನ್ನೇ ಕೊಟ್ಟಳು. ಇದನ್ನು ಮೊದಲ ಸಲ ಕೇಳಿದ ದಿನ ನಾನು ಅತ್ತಿದ್ದೆ.

ಶುಕ್ರವಾರದ ದೀಪ

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ? ನಾಲ್ಕು ದಿನ ಸಂಜೆ ಹೊತ್ತು ಅಮ್ಮನಿಗೆ ಇದನ್ನೆಲ್ಲ ಓದಿದೆ. ಊಟದ ಹೆಸರು ಕೇಳಿ, ನಲವತ್ತು ವರ್ಷ ಮೊಸರನ್ನ ಅಂತ ತಿಳಿಯದೇ ಹೇಳುತ್ತಿದ್ದೆನಲ್ಲ ಅಂದರು. ಮಾರಮ್ಮನ ಕಥೆಗೆ ಸುಮ್ಮನೆ ಕೂತರು. ಅವರ ತಮ್ಮ ಸಿಡುಬಿನಲ್ಲಿ ಹೋದ ವಿಷಯ ನನಗೆ ಅವತ್ತೇ ಗೊತ್ತಾಗಿದ್ದು. ಅವನಿಗೆ ಆರು ವರ್ಷವಂತೆ.

ಮಮತಾಹಂತ್ರೀ ಅರ್ಥವನ್ನು ಮೂರು ಸಲ ಓದಿಸಿದರು. 'ನನ್ನದು ಅನ್ನೋದು' ಅಂತ ತಾವೇ ಒಂದು ಸಲ ಹೇಳಿಕೊಂಡರು. ಆಮೇಲೆ ನನ್ನ ಅಣ್ಣನ ಬಗ್ಗೆ ಮಾತಾಡಿದರು. ಅವನು ದೂರದ ಊರಿಗೆ ಹೋಗಿ ನೆಲೆಸಿದ್ದು ಅವರಿಗೆ ಇವತ್ತಿಗೂ ನೋವು. ಫೋನಲ್ಲಿ ಮಾತಾಡುವಾಗ ಕೊನೆಗೆ ಯಾವಾಗಲೂ ಜಗಳವೇ ಆಗುತ್ತಿತ್ತು.

ನಿನ್ನೆ ಶುಕ್ರವಾರ. ದೀಪ ಹಚ್ಚಿ ಶುರು ಮಾಡಿದೆವು. ಆ ಸಾಲು ಹತ್ತಿರ ಬಂದಾಗ ನಾನು ಬೇಕೆಂದೇ ಓದುವುದನ್ನು ನಿಲ್ಲಿಸಿದೆ. ಅಮ್ಮ ಒಬ್ಬರೇ ಹೇಳಿದರು, 'ನಿರ್ಮಮಾ ಮಮತಾಹಂತ್ರೀ ನಿಷ್ಪಾಪಾ ಪಾಪನಾಶಿನೀ'. ಹಿತ್ತಲಿಗೆ ಕೇಳುವಷ್ಟು ಗಟ್ಟಿಯಾಗಿ. ಮಂಗಳಾರತಿ ಮುಗಿದ ಮೇಲೆ ಅಣ್ಣನಿಗೆ ಫೋನ್ ಹಚ್ಚಿಕೊಡು ಅಂದರು.